ಫಿಕ್ಸ್ ಲಾಭ ಹಲಾಲಾ?

ಪ್ರಶ್ನೆ: ಫ್ರೆಂಡ್ ಚಪ್ಪಲಿ ಅಂಗಡಿ ಹಾಕೋಕೆ ಪೂರ್ತಿ 2 ಲಕ್ಷ ನಾನೇ ಕೊಟ್ಟಿದೀನಿ, ವ್ಯಾಪಾರ ಆಗ್ಲಿ ಬಿಡ್ಲಿ ತಿಂಗಳಿಗೆ 4 ಸಾವಿರ ಕೊಡ್ತೀನಿ, ಅಸಲೂ ಸೇಫ್ ಅಂತಾನೆ. ಇದು ಲಾಭ ತಾನೇ ಸಾರ್?

ಉತ್ತರ: ಹೆಸರು ಲಾಭ ಅಂತಿಟ್ರೂ ಇದು ಬಡ್ಡೀನೇ ಕಣ್ರೀ. ಕುರ್‌ಆನ್ 2:275 ವ್ಯಾಪಾರ ಹಲಾಲ್, ಬಡ್ಡಿ ಹರಾಮ್ ಅನ್ನುತ್ತೆ, ಶರೀಅತ್‌ನಲ್ಲಿ ನಷ್ಟದ ಹೊಣೆ ಹೊತ್ತೋನಿಗೇ ಲಾಭದ ಹಕ್ಕು ಅಂತ ಒಂದು ಸೂತ್ರಾನೂ ಇದೆ. ನಿಮ್ಮ ಕೇಸಲ್ಲಿ ಮಳೆಗಾಲದಲ್ಲಿ ಅಂಗಡಿಗೆ ನೀರು ನುಗ್ಗಿ ಚಪ್ಪಲಿಗೆಲ್ಲ ಬೂಸ್ಟು ಹಿಡಿದ್ರೂ ನಿಮ್ಗೇನೂ ಆಗಲ್ಲ, ಪಾಪ ಅವನೇ ಸಾಯ್ಬೇಕು. ಮುದಾರಬಾ (ಒಬ್ಬರದು ದುಡ್ಡು, ಇನ್ನೊಬ್ಬರದು ದುಡಿಮೆ ಇರೋ ಪಾಲುದಾರಿಕೆ) ಥರ ಮಾಡ್ಕೊಳ್ಳಿ, ಲಾಭ ಬಂದ್ರೆ ಯಾರಿಗೆಷ್ಟು ಪರ್ಸೆಂಟ್ ಅಂತ ಮೊದ್ಲೇ ಮಾತಾಡಿ, 40-60 ಏನಾದ್ರೂ ಸರಿ, ನಷ್ಟ ಆದ್ರೆ ನಿಮ್ದು ದುಡ್ಡು ಹೋಗುತ್ತೆ ಅವನದು ದುಡಿಮೆ ಹೋಗುತ್ತೆ (ಅವನ ಬೇಜವಾಬ್ದಾರಿ ಇಲ್ದಿದ್ರೆ ಮಾತ್ರ). ಪರ್ಸೆಂಟ್ ಬಂದ ಲಾಭದ್ದು, 2 ಲಕ್ಷದ್ದಲ್ಲ, ತುಂಬ ಜನ ಎಡವೋದು ಇಲ್ಲೇ.