ಐನೂರೇ ಗಾಡಿ ಮಾಡಿದರೆ ಕಂಪನಿಗೆ ಏನು ಸಿಗುತ್ತದೆ?

ಪ್ರಶ್ನೆ: ಸರ್, ನಾನು ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಊರು ಗದಗ. ರೂಮಿನಲ್ಲಿ ನಾವು ಮೂರು ಜನ, ಮೂವರಿಗೂ ಕಾರಿನ ಹುಚ್ಚು. ಹೋದ ವಾರ ಟೊಯೋಟಾದ ಐಷಾರಾಮಿ ಬ್ರ್ಯಾಂಡ್ ಲೆಕ್ಸಸ್ ಮಾಡಿದ ಎಲ್‌ಎಫ್‌ಎ ಅನ್ನುವ ಸೂಪರ್‌ಕಾರಿನ ಬಗ್ಗೆ ಮಾತು ಬಂದು ಜಗಳವೇ ಆಯಿತು. ಹತ್ತು ವರ್ಷ ಒದ್ದಾಡಿ ಬರೀ 500 ಗಾಡಿ ಮಾಡಿದರು, ಹಾಕಿದ ದುಡ್ಡೂ ವಾಪಸ್ ಬಂದಿರಲಿಕ್ಕಿಲ್ಲ, ಇದೆಲ್ಲ ಶೋಕಿ ಅಂತ ಒಬ್ಬ. ಆ ಒಂದು ಗಾಡಿಯಿಂದಲೇ ಲೆಕ್ಸಸ್‌ಗೆ ಬೆಲೆ ಬಂತು ಅಂತ ಇನ್ನೊಬ್ಬ. ಲೆಕ್ಕದ ಗಾಡಿ ಮಾತ್ರ ಮಾಡುವ ಇಂಥ ಸೂಪರ್‌ಕಾರಿನಿಂದ ಐಷಾರಾಮಿ ಕಾರಿನ ಬ್ರ್ಯಾಂಡಿಗೆ ನಿಜವಾಗಿ ಲಾಭ ಇದೆಯಾ?
— ಓದುಗರು, ಚಾಕಣ, ಪುಣೆ

ಉತ್ತರ: ಇದೆ. ಆದರೆ ಅದು ತಾನಾಗಿಯೇ ಬರುವುದಿಲ್ಲ. ಆ ದೊಡ್ಡ ಗಾಡಿಯಿಂದ ಏನಾದರೂ ಒಂದು ಕೆಳಗಿಳಿದು, ಗಿರಾಕಿ ನಿಜವಾಗಿ ದುಡ್ಡು ಕೊಟ್ಟು ಒಯ್ಯುವ ಗಾಡಿಗೆ ಬಂದು ಸೇರಬೇಕು. ಇದನ್ನು ನನಗೆ ಕಲಿಸಿದವರು ಮಾಟುಂಗಾದ ಒಬ್ಬ ಹೋಟೆಲ್ ಮಾಲೀಕರು.

ನಾನು ಮುಂಬೈಯ ವರ್ಲಿಯಲ್ಲಿ ಹನ್ನೊಂದು ವರ್ಷ ಐಷಾರಾಮಿ ಕಾರು ಮಾರಿದವನು. ಒಂದು ಸಲ ಕಂಪನಿಯವರು ನಾಲ್ಕು ದಿನದ ಮಟ್ಟಿಗೆ ಒಂದು ಸೂಪರ್‌ಕಾರ್ ಕಳಿಸಿದರು. ಅದನ್ನು ಒಳಗೆ ತರುವುದೇ ಒಂದು ದೊಡ್ಡ ಕೆಲಸ. ಮುಂದಿನ ಮೂತಿ ನೆಲದಿಂದ ನಾಲ್ಕು ಬೆರಳು ಎತ್ತರ, ಅಷ್ಟೇ. ನಮ್ಮ ಷೋರೂಮಿನ ಇಳಿಜಾರಿನಲ್ಲಿ ಅದು ತಾಗುತ್ತದೆ ಅಂತ ಪ್ಲೈವುಡ್ ಹಲಗೆ ಜೋಡಿಸಿದೆವು. ಇಬ್ಬರು ಹುಡುಗರು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಮೂತಿಗೂ ಹಲಗೆಗೂ ನಡುವಿನ ಸಂದು ನೋಡುತ್ತಾ, ಬರಲಿ, ಬರಲಿ, ನಿಲ್ಲಿಸಿ ಅಂತ ಕೂಗುತ್ತಿದ್ದರು. ಮೂವತ್ತು ಅಡಿಗೆ ನಲವತ್ತು ನಿಮಿಷ ಹಿಡಿಯಿತು.

ಮಾರನೇ ದಿನ ಈ ಮಾಲೀಕರು ಸರ್ವಿಸ್‌ಗೆ ಬಿಟ್ಟಿದ್ದ ತಮ್ಮ ಗಾಡಿ ಒಯ್ಯಲು ಬಂದರು. ಕುಂದಾಪುರ ಕಡೆಯವರು. ಸೂಪರ್‌ಕಾರಿನ ಸುತ್ತ ಎರಡು ಸುತ್ತು ಹಾಕಿ, "ಹ್ವಾಯ್, ಇದನ್ನು ಮಾಡಿದವರೇ ನನ್ನ ಗಾಡಿಯನ್ನೂ ಮಾಡಿದ್ದಾ?" ಅಂತ ಕೇಳಿದರು. ನಾನು, "ಹೌದು ಸರ್, ಒಂದೇ ಕಂಪನಿ" ಅಂದೆ. ಅವರು ತಲೆಯಾಡಿಸಿದರು. "ಕಂಪನಿ ಕೇಳಲಿಲ್ಲ ಮಾರಾಯ್ರೆ, ಮಾಡಿದ ಜನ ಕೇಳಿದೆ. ನನ್ನ ಎರಡು ಹೋಟೆಲಿಗೂ ಹೆಸರು ಒಂದೇ. ಆದರೆ ಅಡುಗೆ ಭಟ್ಟರು ಬೇರೆ ಬೇರೆ. ಇಲ್ಲಿಯ ಸಾಂಬಾರು ಚೆನ್ನಾಗಿದೆ ಅಂತ ಅಲ್ಲಿಯದೂ ಚೆನ್ನಾಗಿರುತ್ತದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಇಂಥ ಪ್ರತಿ ಗಾಡಿಯನ್ನೂ ನಾನು ನೋಡುವುದು ಅದೇ ಪ್ರಶ್ನೆ ಇಟ್ಟುಕೊಂಡು.

ಈಗ ನಿಮ್ಮ ಎಲ್‌ಎಫ್‌ಎಗೆ ಬರೋಣ. ಕೆಲಸ ಶುರುವಾದದ್ದು 2000ದಲ್ಲಿ. ಗಾಡಿ ಕಾರ್ಖಾನೆಯಿಂದ ಹೊರಬರಲು ಶುರುವಾದದ್ದು 2010ರ ಡಿಸೆಂಬರ್‌ನಲ್ಲಿ, ಮುಗಿದದ್ದು 2012ರ ಡಿಸೆಂಬರ್‌ನಲ್ಲಿ. ಮೊದಲು ಅಲ್ಯುಮಿನಿಯಂ ಬಾಡಿ ಅಂದುಕೊಂಡಿದ್ದವರು, ತೂಕ ಜಾಸ್ತಿ ಆಗುತ್ತದೆ ಅಂತ ನಡುದಾರಿಯಲ್ಲಿ ಕಾರ್ಬನ್ ಫೈಬರ್‌ಗೆ ಬದಲಾಯಿಸಿದರು. ಇನ್ನೂ ಕೆಲವು ವರ್ಷ ಹೋಯಿತು. ಅಮೆರಿಕದಲ್ಲಿ ಬೆಲೆ 3,75,000 ಡಾಲರ್. ಐನೂರಕ್ಕೆ ಗುಣಿಸಿ ನೋಡಿ, 18.75 ಕೋಟಿ ಡಾಲರ್ ಬರುತ್ತದೆ. ನೀವು ಇದೇ ಉದ್ಯಮದಲ್ಲಿದ್ದೀರಿ, ನಿಮಗೇ ಗೊತ್ತು, ಒಂದು ಮಾಮೂಲಿ ಹೊಸ ಮಾಡೆಲ್ ತರುವುದಕ್ಕೇ ಕಂಪನಿಗಳು ಇದಕ್ಕಿಂತ ಎಷ್ಟೋ ಜಾಸ್ತಿ ಸುರಿಯುತ್ತವೆ. ಇಲ್ಲಿ ಎಂಜಿನ್ ಹೊಸದು, ಬಾಡಿ ಹೊಸದು, ಮಾಡುವ ವಿಧಾನವೇ ಹೊಸದು. ಹಾಗಾಗಿ ಗಾಡಿ ಮಾರಿ ದುಡ್ಡು ಮಾಡಿದರು ಅನ್ನುವ ಮಾತೇ ಇಲ್ಲ. ಆ 4.8 ಲೀಟರ್ ವಿ10, ಅಂದರೆ ಹತ್ತು ಸಿಲಿಂಡರಿನ ಎಂಜಿನ್ ಬೇರೆ ಯಾವ ಲೆಕ್ಸಸ್‌ಗೂ ಹೋಗಲಿಲ್ಲ. ಉತ್ಪಾದನೆ ನಿಂತು ಐದು ವರ್ಷವಾದ ಮೇಲೂ ಅಮೆರಿಕದ ಡೀಲರ್‌ಗಳ ಹತ್ತಿರ ಒಂದಷ್ಟು ಹೊಸ ಗಾಡಿಗಳು ಮಾರಾಟವಾಗದೆ ನಿಂತಿದ್ದವು. ಇಲ್ಲಿಯವರೆಗೆ ನಿಮ್ಮ ಮೊದಲ ಗೆಳೆಯ ಹೇಳಿದ್ದು ಸರಿ.

ಆದರೆ ಭಟ್ಟರ ಕಡೆ ನೋಡಿ. ಟೊಯೋಟಾ ಮನೆತನದ ಮೂಲ ಕಸುಬು ಕಾರಲ್ಲ, ಮಗ್ಗ. ಸಕಿಚಿ ಟೊಯೋಡಾ 1926ರಲ್ಲಿ ಸ್ವಯಂಚಾಲಿತ ಮಗ್ಗದ ಕಂಪನಿ ಕಟ್ಟಿದವರು. ಎಲ್‌ಎಫ್‌ಎಯ ಮುಂಗಾಜಿನ ಪಕ್ಕದ ಕಂಬಕ್ಕೆ ಕಾರ್ಬನ್ ನೂಲನ್ನು ಸುತ್ತಲೂ ನೇಯಬೇಕಾಗಿ ಬಂದಾಗ ಅವರು ದುಂಡು ಮಗ್ಗವನ್ನೇ ಬಳಸಿದರು. ಗದಗ-ಬೆಟಗೇರಿಯ ನಿಮಗೆ ಮಗ್ಗ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಎಲ್ಲಾ ದಿಕ್ಕಿನಿಂದ ಬರುವ ನೂಲು ನಡುವಿನ ಅಚ್ಚಿನ ಮೇಲೆ ಪದರ ಪದರವಾಗಿ ಕೂರುತ್ತಾ ಬರುತ್ತದೆ, ಜೋಡಣೆಯೇ ಇಲ್ಲದ ಕೊಳವೆಯ ಹಾಗೆ. ಈ ಕಾರ್ಬನ್ ಕೆಲಸವನ್ನು ಹೊರಗಿನಿಂದ ತರಿಸಿಕೊಳ್ಳುವ ಬದಲು ಮನೆಯೊಳಗೇ ಕಲಿತರು. ಇನ್ನು ಎಂಜಿನ್. ಅದನ್ನು ಮಾಡಿದ್ದು ಯಮಹಾ ಜೊತೆ ಸೇರಿ. ಗಾಡಿ ನಿಂತಾಗ ಸುಮ್ನೆ ಓಡುತ್ತಿರುವ ಎಂಜಿನ್ 9,000 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತಿಗೆ, 0.6 ಸೆಕೆಂಡಿನಲ್ಲಿ ಏರುತ್ತಿತ್ತು. ಮಾಮೂಲಿ ಮೀಟರಿನ ಮುಳ್ಳಿಗೆ ಆ ವೇಗ ಹಿಡಿಯಲು ಆಗಲಿಲ್ಲ, ಹಾಗಾಗಿ ಮುಳ್ಳನ್ನೇ ಪರದೆಯ ಮೇಲೆ ಚಿತ್ರವಾಗಿ ತೋರಿಸಬೇಕಾಯಿತು.

ಗಾಡಿ ಮುಗಿಯಿತು. ಅದನ್ನು ಜೋಡಿಸಿದ ಜಾಗ ಮುಗಿಯಲಿಲ್ಲ. ಮೊಟೊಮಾಚಿ ಕಾರ್ಖಾನೆಯಲ್ಲಿ ಎಲ್‌ಎಫ್‌ಎ ಕಟ್ಟಿದ ಆ ಪುಟ್ಟ ವಿಭಾಗದಲ್ಲೇ ಮುಂದೆ ಟೊಯೋಟಾದ ಹೈಡ್ರೋಜನ್ ಕಾರು ಮಿರಾಯ್ ಅನ್ನು ಕೈಯಿಂದ ಜೋಡಿಸಿದರು. ಒಂದೊಂದು ನಟ್ಟನ್ನೂ ನಿಧಾನವಾಗಿ, ಸರಿಯಾಗಿ ಬಿಗಿಯುವ ಆ ರೂಢಿಯೇ ಹೊಸ ಗಾಡಿಗೆ ಕೆಲಸಕ್ಕೆ ಬಂತು. ಇನ್ನೊಂದು ಮಾತು, ಇದು ನನ್ನ ಮನಸ್ಸಿಗೆ ಹತ್ತಿರದ್ದು. ಟೊಯೋಟಾದ ಹಿರಿಯ ಟೆಸ್ಟ್ ಡ್ರೈವರ್ ಹಿರೋಮು ನರುಸೆ ಅವರು ಅಕಿಯೋ ಟೊಯೋಡಾ ಅವರಿಗೆ ಗಾಡಿ ಓಡಿಸುವುದನ್ನು ಕಲಿಸಿದ ಗುರು. 2009ರಲ್ಲಿ ಟೊಯೋಡಾ ಅವರು ಮೊರಿಜೊ ಅನ್ನುವ ಹೆಸರಿನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನ 24 ಗಂಟೆಗಳ ರೇಸಿನಲ್ಲಿ ಎಲ್‌ಎಫ್‌ಎಯನ್ನು ತಾವೇ ಓಡಿಸಿದರು. ಅದೇ ವರ್ಷ ಕಂಪನಿಯ ಅಧ್ಯಕ್ಷರೂ ಆದರು. ಮರುವರ್ಷ ಜೂನ್‌ನಲ್ಲಿ ನರುಸೆ ಅವರು ಆ ಟ್ರ್ಯಾಕಿನ ಹತ್ತಿರದ ರಸ್ತೆಯಲ್ಲಿ ಎಲ್‌ಎಫ್‌ಎ ಓಡಿಸುವಾಗಲೇ ಅಪಘಾತದಲ್ಲಿ ತೀರಿಕೊಂಡರು. ಅಷ್ಟು ದೊಡ್ಡ ಕಂಪನಿಯ ಅಧ್ಯಕ್ಷರು ಸ್ಟೇರಿಂಗ್ ಹಿಡಿದು, ಗಾಡಿ ಹೇಗೆ ತಿರುಗುತ್ತದೆ ಅಂತ ತಮ್ಮ ಕೈಯಿಂದಲೇ ತಿಳಿದುಕೊಂಡಿದ್ದು ಮುಂದಿನ ಎಲ್ಲಾ ಗಾಡಿಗಳ ಮೇಲೂ ಪರಿಣಾಮ ಬೀರಿದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಅದನ್ನು ಲೆಕ್ಕದ ಪುಸ್ತಕದಲ್ಲಿ ಯಾವ ಕಲಮಿಗೆ ಬರೆಯುತ್ತೀರಿ? ನಿಮ್ಮ ಎರಡನೇ ಗೆಳೆಯ ಹೇಳಿದ್ದೂ ಸರಿ, ಆದರೆ ಬೆಲೆ ಬಂದದ್ದು ಹೊರಗಿನವರ ಕಣ್ಣಿನಲ್ಲಿ ಮಾತ್ರ ಅಲ್ಲ, ಮನೆಯ ಒಳಗೇ ಜಾಸ್ತಿ.

ಪೋರ್ಷೆ ಇದನ್ನು ಇನ್ನೂ ಚೆನ್ನಾಗಿ ಮಾಡಿದೆ. 2002ರಲ್ಲಿ ಅವರು ಕೇಯೆನ್ ಅನ್ನುವ ಎಸ್‌ಯುವಿ ತಂದಾಗ ಹಳೆಯ ಅಭಿಮಾನಿಗಳು ತುಂಬಾ ನೊಂದುಕೊಂಡರು. ಸ್ಪೋರ್ಟ್ಸ್ ಕಾರಿನವರು ಎತ್ತರದ ಗಾಡಿ ಮಾಡುವುದಾ ಅಂತ. ಮರುವರ್ಷವೇ ಕರೇರಾ ಜಿಟಿ ಬಂತು, ರೇಸಿಗೆಂದು ಶುರುಮಾಡಿದ್ದ 5.7 ಲೀಟರ್ ವಿ10 ಎಂಜಿನ್ ಇಟ್ಟುಕೊಂಡು. ಎರಡೂ ತಯಾರಾದದ್ದು ಲೈಪ್ಜಿಗ್‌ನ ಒಂದೇ ಕಾರ್ಖಾನೆಯಲ್ಲಿ. ಜಿಟಿ ಆದದ್ದು 1,270, ಅಷ್ಟೇ. ಸಂಸಾರಕ್ಕೆ ಕೇಯೆನ್ ಕೊಂಡವನಿಗೆ ತಾನು ಕೊಂಡದ್ದೂ ಪೋರ್ಷೆಯೇ ಅನ್ನುವ ಧೈರ್ಯ ಕೊಟ್ಟಿತು ಆ ಜಿಟಿ. ಆಮೇಲೆ 918 ಸ್ಪೈಡರ್ ಬಂತು, ಹೆಸರಿನಷ್ಟೇ ಗಾಡಿ, 918. ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿಯೂ ಇತ್ತು. 2013ರಲ್ಲಿ ಅದು ನ್ಯೂರ್ಬರ್ಗ್‌ರಿಂಗನ್ನು 6 ನಿಮಿಷ 57 ಸೆಕೆಂಡಿನಲ್ಲಿ ಸುತ್ತಿತು. ಹೈಬ್ರಿಡ್ ಅಂದರೆ ಪೆಟ್ರೋಲ್ ಉಳಿಸುವ ಗಾಡಿ ಅಂತ ಮಾತ್ರ ತಿಳಿದಿದ್ದ ಕಾಲ ಅದು. ಮುಂದೆ ಪನಮೇರಾ ಹೈಬ್ರಿಡ್ ಮಾರುವಾಗ ಪೋರ್ಷೆಯ ಸೇಲ್ಸ್‌ಮನ್ ಬಾಯಿಗೆ ಒಂದು ನಿಜವಾದ ಮಾತು ಸಿಕ್ಕಿತು.

ಹಾಳು ಮಾಡಿಕೊಂಡವರೂ ಇದ್ದಾರೆ. ಜಾಗ್ವಾರ್ 1988ರ ಬರ್ಮಿಂಗ್‌ಹ್ಯಾಮ್ ಪ್ರದರ್ಶನದಲ್ಲಿ ಎಕ್ಸ್‌ಜೆ220 ತೋರಿಸಿತು. ವಿ12 ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ. ಜನ 50,000 ಪೌಂಡ್ ಡೆಪಾಸಿಟ್ ಹಿಡಿದು ಸಾಲು ನಿಂತರು. 1992ರಲ್ಲಿ ಗಾಡಿ ಕೈಗೆ ಬಂದಾಗ ಇದ್ದದ್ದು ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿಸುವ ಯಂತ್ರ) ಹಾಕಿದ ವಿ6, ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ, ಬೆಲೆ 4,70,000 ಪೌಂಡ್. ಅಷ್ಟರಲ್ಲಿ ಮಾರುಕಟ್ಟೆಯೂ ಬಿದ್ದಿತ್ತು. ಗಿರಾಕಿಗಳು ಕೋರ್ಟಿಗೆ ಹೋದರು. ಗಾಡಿ ಕೆಟ್ಟದ್ದೇನೂ ಅಲ್ಲ, ಆ ಕಾಲದಲ್ಲಿ ಗಂಟೆಗೆ 340 ಕಿ.ಮೀ. ದಾಟಿದ್ದ ಗಾಡಿ. ಆದರೆ ತೋರಿಸಿದ್ದು ಒಂದು, ಕೊಟ್ಟದ್ದು ಇನ್ನೊಂದು. ಸಾಧಾರಣ ಕಾರಿನಲ್ಲಿ ಹೀಗಾದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ, ಸೂಪರ್‌ಕಾರಿನಲ್ಲಾದರೆ ಇಡೀ ಲೋಕಕ್ಕೆ. ಇದೇ ಜಾಗ್ವಾರ್ ಮುಂದೆ ನಮ್ಮ ಮುಂಬೈಯ ಟಾಟಾ ಕೈಗೆ ಬಂದ ಮೇಲೆ ಸಿ-ಎಕ್ಸ್75 ಅಂತ 250 ಗಾಡಿ ಮಾಡುವ ಯೋಜನೆ ಹಾಕಿತು. 2012ರ ಕೊನೆಯಲ್ಲಿ ಅದನ್ನು ಕೈಬಿಟ್ಟಿತು. ಆಗ ಎಲ್ಲರೂ ಬೇಜಾರು ಮಾಡಿಕೊಂಡರು. ನನಗೆ ಮಾತ್ರ ಅದು ಸರಿಯಾದ ನಿರ್ಧಾರ ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ. ಕಾಲ ಚೆನ್ನಾಗಿರಲಿಲ್ಲ, ಷೋರೂಮಿನಲ್ಲಿ ನಿಲ್ಲಿಸಲು ಹೊಸ ಗಾಡಿಗಳು ಮೊದಲು ಬೇಕಿತ್ತು.

ಬುಗಾಟಿ ವೇರಾನ್ ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು. 1,001 ಅಶ್ವಶಕ್ತಿ, 450 ಗಾಡಿ, ಪ್ರತಿ ಗಾಡಿಗೂ ಹಲವು ದಶಲಕ್ಷ ಯೂರೋ ನಷ್ಟ ಅಂತ ಮಾರುಕಟ್ಟೆಯವರ ಅಂದಾಜು. ಹಿಂದೆ ಇದ್ದದ್ದು ಫೋಕ್ಸ್‌ವಾಗನ್, ಆದರೆ ಗಾಡಿಯ ಮೇಲೆ ಅದರ ಹೆಸರೇ ಇಲ್ಲ. ಅವರದೇ ಸಣ್ಣ ಕಾರು ಪೋಲೊ ಕೊಳ್ಳಲು ಬಂದವನಿಗೆ ವೇರಾನ್ ನೆನಪಾಗುತ್ತಿತ್ತಾ? ಇಲ್ಲ. ಎಂಜಿನಿಯರಿಂಗ್ ದೃಷ್ಟಿಯಿಂದ ಅದಕ್ಕೆ ನಾನು ಕೈಮುಗಿಯುತ್ತೇನೆ, ವ್ಯಾಪಾರದ ದೃಷ್ಟಿಯಿಂದ ಅದು ಬುಗಾಟಿಗೆ ಬಿಟ್ಟು ಯಾರಿಗೂ ಉಪಯೋಗ ಆಗಲಿಲ್ಲ.

ನಮ್ಮ ಕಡೆಗೆ ಇನ್ನೊಂದು ವಿಷಯ ಇದೆ. ಇಲ್ಲಿಗೆ ಹೊಸ ಗಾಡಿ ತರಿಸಿ ರಿಜಿಸ್ಟರ್ ಮಾಡಿಸಬೇಕಾದರೆ ಸ್ಟೇರಿಂಗ್ ಬಲಗಡೆ ಇರಬೇಕು. ವೇರಾನ್, ಕರೇರಾ ಜಿಟಿ, 918, ಮರ್ಸಿಡಿಸ್ ಎಎಂಜಿ ಒನ್, ಇವೆಲ್ಲ ಎಡಗಡೆಯವು. ಬಲಗಡೆಯದ್ದು ಸಿಕ್ಕರೂ ಸುಂಕ, ತೆರಿಗೆ ಸೇರಿ ಬೆಲೆ ಎರಡು ಪಟ್ಟು ಮೀರುತ್ತದೆ. ಹಾಗಾಗಿ ಭಾನುವಾರ ಬೆಳಗ್ಗೆ ವರ್ಲಿ ಸೀ ಲಿಂಕ್ ಹತ್ತಿರ ನೀವು ಲ್ಯಾಂಬೋರ್ಗಿನಿ, ಫೆರಾರಿ ನೋಡಬಹುದು, ಈ ಲೆಕ್ಕದ ಗಾಡಿಗಳು ಕಾಣುವುದು ಫೋನಿನ ಪರದೆಯಲ್ಲಿ ಮಾತ್ರ. ಅಂದರೆ ನಮ್ಮ ಗಿರಾಕಿಗೆ ಸಿಗುವುದು ಕೆಳಗಿಳಿದು ಬಂದದ್ದು ಅಷ್ಟೇ. ಉದಾಹರಣೆ ನಿಮ್ಮ ಪಕ್ಕದಲ್ಲೇ ಇದೆ. ಎಎಂಜಿ ಅಂದರೆ ಮರ್ಸಿಡಿಸ್‌ನ ವೇಗದ ಗಾಡಿಗಳ ವಿಭಾಗ. ಅವರು ಎಎಂಜಿ ಒನ್‌ಗೆ ಫಾರ್ಮುಲಾ ಒನ್ ರೇಸಿನ 1.6 ಲೀಟರ್ ಎಂಜಿನ್ ಹಾಕಿದರು. ಅಂಥ ಎಂಜಿನ್ನನ್ನು ಸಿಗ್ನಲ್‌ನಲ್ಲಿ ನಿಧಾನವಾಗಿ ಓಡುತ್ತಾ ನಿಲ್ಲುವಂತೆ ಮಾಡುವುದಕ್ಕೇ ಅವರು ಒದ್ದಾಡಿದರು. 2017ರಲ್ಲಿ ತೋರಿಸಿದ ಗಾಡಿ ತಯಾರಾಗಲು ಶುರುವಾದದ್ದು 2022ರಲ್ಲಿ, ಒಟ್ಟು 275. ಆದರೆ ಆ ರೇಸ್ ಎಂಜಿನ್ನಿನಲ್ಲಿ ಟರ್ಬೊವನ್ನು ವಿದ್ಯುತ್ ಮೋಟಾರಿನಿಂದ ತಿರುಗಿಸುವ ಒಂದು ಉಪಾಯ ಇದೆಯಲ್ಲ, ಅದೇ ಉಪಾಯ ಎಎಂಜಿ ಸಿ43ಗೂ ಬಂದಿದೆ, ಆ ಗಾಡಿ ಭಾರತದಲ್ಲೂ ಮಾರಾಟಕ್ಕೆ ಬಂದಿದೆ. 2020ರಿಂದ ಮರ್ಸಿಡಿಸ್‌ನವರು ಚಾಕಣದಲ್ಲೇ ಎಎಂಜಿ ಗಾಡಿ ಜೋಡಿಸಲು ಶುರುಮಾಡಿದ್ದು ನಿಮಗೆ ಗೊತ್ತೇ ಇರುತ್ತದೆ.

ಪ್ರಶ್ನೆ: ಸರ್, ಮಹೀಂದ್ರಾದವರ ಬಟಿಸ್ಟಾ 1,900 ಅಶ್ವಶಕ್ತಿಯ ಎಲೆಕ್ಟ್ರಿಕ್ ಗಾಡಿ. ನಮ್ಮ ಮುಂಬೈ ಕಂಪನಿಯೇ ಅದರ ಹಿಂದೆ ಇದೆ. ಅದರಿಂದ ಮಹೀಂದ್ರಾಗೆ ಹೆಸರು ಬರಲಿಲ್ಲ ಯಾಕೆ?
— ಓದುಗರು, ಡೊಂಬಿವಲಿ

ಉತ್ತರ: ವೇರಾನ್‌ಗೆ ಹೇಳಿದ್ದೇ ಇಲ್ಲಿಗೂ. 1930ರಲ್ಲಿ ಟ್ಯೂರಿನ್‌ನಲ್ಲಿ ಶುರುವಾದ ಪಿನಿನ್‌ಫರೀನಾ ಸಂಸ್ಥೆಯನ್ನು ಮಹೀಂದ್ರಾ 2015ರ ಕೊನೆಯಲ್ಲಿ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಬಟಿಸ್ಟಾ ಅನ್ನುವುದು ಆ ಸಂಸ್ಥೆ ಕಟ್ಟಿದವರ ಹೆಸರು. ಗರಿಷ್ಠ 150 ಗಾಡಿ, ತಯಾರಿ ಇಟಲಿಯಲ್ಲಿ, ಬ್ಯಾಟರಿ ಮತ್ತು ಮೋಟಾರಿನ ತಂತ್ರ ಕ್ರೊಯೇಷಿಯಾದ ರಿಮಾಕ್‌ನದು. ಗಾಡಿಯ ಹೆಸರಿನಲ್ಲಿ ಮಹೀಂದ್ರಾ ಎಲ್ಲೂ ಇಲ್ಲ. ಸ್ಕಾರ್ಪಿಯೊ ನೋಡಲು ಕಾಂದಿವಲಿಯ ಷೋರೂಮಿಗೆ ಹೋದವರಿಗೆ ಇದನ್ನು ಯಾರೂ ಹೇಳುವುದೂ ಇಲ್ಲ. ಇದು ತಪ್ಪು ಅಂತ ನಾನು ಹೇಳುವುದಿಲ್ಲ. ಪಿನಿನ್‌ಫರೀನಾ ಎಷ್ಟೋ ದಶಕ ಬೇರೆಯವರ ಗಾಡಿಗೆ ರೂಪ ಕೊಟ್ಟು, ತನ್ನ ಹೆಸರಿನ ಗಾಡಿ ಹೆಚ್ಚುಕಡಿಮೆ ಇಲ್ಲದೆಯೇ ಇತ್ತು. ಆ ಮನೆಗೆ ಅದು ಬೇಕಿತ್ತು, ಮುಂಬೈಯ ದುಡ್ಡಿನಿಂದ ಅದು ಆಯಿತು. ಆದರೆ ಮಹೀಂದ್ರಾದ ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳುವ ನಿಮಗೆ ಆ ಅಡುಗೆಮನೆಯಿಂದ ಏನು ಬಂದಿದೆ ಅಂತ ಡೀಲರ್ ಬಳಿ ಕೇಳಿ ನೋಡಿ. ಮೋಟಾರ್ ಯಾರದ್ದು, ಬ್ಯಾಟರಿ ಯಾರದ್ದು, ಕಂಟ್ರೋಲ್ ಸಾಫ್ಟ್‌ವೇರ್ ಬರೆದವರು ಯಾರು. ಸರಿಯಾದ ಉತ್ತರ ಕೊಟ್ಟರೆ ನನಗೂ ಬರೆದು ತಿಳಿಸಿ.