ಕಿಡ್ನಿ ಕಲ್ಲಿಗೆ ಕೊಟ್ಟ ಟ್ಯಾಮ್ಸುಲೋಸಿನ್ ಮಾತ್ರೆಯನ್ನು ನಿಲ್ಲಿಸಬಹುದೇ?

ಬದಿಯಡ್ಕದ ಸಮೀಪ ಅಡಿಕೆ ತೋಟ ನೋಡಿಕೊಂಡಿರುವ ನಿಮ್ಮ 62 ವರ್ಷದ ತಂದೆಯವರಿಗೆ ಮೂತ್ರನಾಳದ ಕೆಳತುದಿಯಲ್ಲಿ 6 ಮಿ.ಮೀ. ಕಲ್ಲು ಕಂಡಿದೆ, ಮಂಗಳೂರಿನ ವೈದ್ಯರು ನಾಲ್ಕು ವಾರಕ್ಕೆ ಟ್ಯಾಮ್ಸುಲೋಸಿನ್ ಬರೆದಿದ್ದಾರೆ, ಆದರೆ ಅದು ಪ್ರಾಸ್ಟೇಟ್ ಗ್ರಂಥಿಯ ಮದ್ದೆಂದೂ ಕಲ್ಲಿಗೆ ಅದರಿಂದ ಪ್ರಯೋಜನವಿಲ್ಲವೆಂದು ದೊಡ್ಡ ಅಧ್ಯಯನವೊಂದು ತೋರಿಸಿದೆಯೆಂದೂ ಓದಿದ್ದೀರಿ. ಮಾತ್ರೆ ನಿಲ್ಲಿಸಿ ಬಾಳೆದಿಂಡಿನ ರಸ ಕೊಡಲೇ, ಹಾಲು ಬಿಡಿಸಲೇ ಎಂಬುದು ನಿಮ್ಮ ಪ್ರಶ್ನೆ.

ನಾನು ವೈದ್ಯನಲ್ಲ. ಮಂಗಳೂರಿನ ಒಂದು ಆಸ್ಪತ್ರೆಯ ಮೂತ್ರರೋಗ ವಿಭಾಗದಲ್ಲಿ ಹಲವು ವರ್ಷ ಕ್ಲಿನಿಕಲ್ ಟ್ರಯಲ್‌ಗಳ ಸಂಯೋಜಕನಾಗಿದ್ದೆ. ಕಾಸರಗೋಡು ಕಡೆಯಿಂದ ಬರುವವರಿಗೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿಯೋ ಮಲಯಾಳದಲ್ಲಿಯೋ ಓದಿ ಅರ್ಥ ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು. ಯಾರಿಗೆ ಯಾವ ಮಾತ್ರೆ ಎಂಬುದನ್ನು ವೈದ್ಯರು ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ, ಕೆಲವರಿಗೆ ಬರುವುದು ಮದ್ದಿಲ್ಲದ ಹುಸಿಮಾತ್ರೆ ಎಂದು ಹೇಳಿದಾಗ, "ಹಾಗಾದರೆ ನಾವು ಬಸ್ಸಿಗೆ ದುಡ್ಡು ಕೊಟ್ಟು ಇಲ್ಲಿಯವರೆಗೆ ಬಂದದ್ದು ಹಿಟ್ಟಿನ ಮಾತ್ರೆ ತಿನ್ನಲಿಕ್ಕಾ?" ಎಂದು ಕೇಳಿದವರಿದ್ದರು. ನಿಮ್ಮ ಗೊಂದಲಕ್ಕೆ ಉತ್ತರ ಆ ಹಿಟ್ಟಿನ ಮಾತ್ರೆಯಲ್ಲಿಯೇ ಇದೆ.

ಟ್ಯಾಮ್ಸುಲೋಸಿನ್ ಪ್ರಾಸ್ಟೇಟಿನ ಮದ್ದೆಂಬುದು ನಿಜ. ಅದು ಅಲ್ಲಿನ ಸ್ನಾಯುಗಳನ್ನು ಸಡಿಲಿಸುತ್ತದೆ; ಅದೇ ಬಗೆಯ ಸ್ನಾಯು ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳದ ಕೆಳಭಾಗದಲ್ಲಿಯೂ ಇರುವುದರಿಂದ, ಅದು ಸಡಿಲಗೊಂಡರೆ ಕಲ್ಲು ಜಾರೀತು ಎಂಬ ಆಲೋಚನೆಯಿಂದ ಇಲ್ಲಿ ಬಳಕೆಗೆ ಬಂತು. ನೀವು ಓದಿದ್ದು ಬಹುಶಃ 2015ರಲ್ಲಿ ಪ್ರಕಟವಾದ ಬ್ರಿಟನ್ನಿನ 'ಸಸ್ಪೆಂಡ್' ಎಂಬ ಹೆಸರಿನ ಟ್ರಯಲ್ ಬಗ್ಗೆ ಇರಬೇಕು. ಅಲ್ಲಿನ 24 ಆಸ್ಪತ್ರೆಗಳ 1,100ಕ್ಕೂ ಹೆಚ್ಚು ರೋಗಿಗಳಲ್ಲಿ ಟ್ಯಾಮ್ಸುಲೋಸಿನ್ ತೆಗೆದುಕೊಂಡವರ ಪೈಕಿ ಶೇ. 81, ಹುಸಿಮಾತ್ರೆ ತೆಗೆದುಕೊಂಡವರ ಪೈಕಿ ಶೇ. 80 ಮಂದಿಗೆ ನಾಲ್ಕು ವಾರಗಳೊಳಗೆ ಬೇರೆ ಚಿಕಿತ್ಸೆ ಬೇಕಾಗಲಿಲ್ಲ. ಮೇಲುನೋಟಕ್ಕೆ ಮದ್ದು ಸೋತಿತು. ಆದರೆ ಅಲ್ಲಿ ಸೇರಿದವರಲ್ಲಿ ಬಹುಪಾಲಿನವರ ಕಲ್ಲು 5 ಮಿ.ಮೀ. ಅಥವಾ ಅದಕ್ಕಿಂತ ಸಣ್ಣದು, ಎಂದರೆ ಮದ್ದಿಲ್ಲದೆಯೇ ಇಳಿದು ಹೋಗುವಂಥದ್ದು. ಮೇಲಾಗಿ ಅವರು ಮುಖ್ಯವಾಗಿ ಅಳೆದದ್ದು ಮುಂದೆ ಚಿಕಿತ್ಸೆ ಬೇಕಾಯಿತೇ ಎಂಬುದನ್ನು. ಕಲ್ಲು ಹೋಯಿತೇ ಎಂದು ಎಲ್ಲರಿಗೂ ಸ್ಕ್ಯಾನ್ ಮಾಡಿ ನೋಡಿದ್ದಲ್ಲ.

ಚೀನಾದ 30 ಕೇಂದ್ರಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಟ್ರಯಲ್‌ನಲ್ಲಿ ನಿಮ್ಮ ತಂದೆಯವರಂಥವರನ್ನೇ, ಎಂದರೆ ನಾಳದ ಕೆಳಭಾಗದಲ್ಲಿ 4ರಿಂದ 7 ಮಿ.ಮೀ. ಕಲ್ಲಿದ್ದ 3,296 ಮಂದಿಯನ್ನು ಸೇರಿಸಿಕೊಂಡು, ಕಲ್ಲು ಹೋದದ್ದನ್ನು ಸಿ.ಟಿ. ಸ್ಕ್ಯಾನ್‌ನಿಂದ ಖಚಿತಪಡಿಸಿಕೊಂಡರು. ಒಟ್ಟಿನಲ್ಲಿ ಕಲ್ಲು ಹೋದದ್ದು ಟ್ಯಾಮ್ಸುಲೋಸಿನ್ ತೆಗೆದುಕೊಂಡವರಲ್ಲಿ ಶೇ. 86, ಹುಸಿಮಾತ್ರೆಯವರಲ್ಲಿ ಶೇ. 79 ಮಂದಿಗೆ. ಬಿಡಿಸಿ ನೋಡಿದಾಗ 5 ಮಿ.ಮೀ.ವರೆಗಿನ ಕಲ್ಲಿಗೆ ಮದ್ದಿನಿಂದ ವ್ಯತ್ಯಾಸವೇ ಇರಲಿಲ್ಲ. ಲಾಭವೆಲ್ಲ ಅದಕ್ಕಿಂತ ದೊಡ್ಡ ಕಲ್ಲಿನವರದು. ತಂದೆಯವರ ಕಲ್ಲು ಈ ಎರಡನೆಯ ಗುಂಪಿನದು. ಆದ್ದರಿಂದ ನೀವಾಗಿ ಮಾತ್ರೆ ನಿಲ್ಲಿಸಬಾರದು ಎಂಬುದು ನನ್ನ ಅಭಿಪ್ರಾಯ. ಹತ್ತು ಮಂದಿಯಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಉಪಯೋಗವಾದೀತು, ಪವಾಡವೇನೂ ಅಲ್ಲ. ರಕ್ತದೊತ್ತಡದ ಮದ್ದೂ ನಡೆಯುತ್ತಿದ್ದರೆ ಹಾಸಿಗೆಯಿಂದ ಥಟ್ಟನೆ ಎದ್ದಾಗ ತಲೆ ಸುತ್ತುವುದುಂಟು, ವೈದ್ಯರಿಗೆ ಮೊದಲೇ ತಿಳಿಸಿ. ಕಣ್ಣಿನ ಪೊರೆಯ ಆಪರೇಷನ್ ಮಾಡಿಸುವುದಿದ್ದರೆ ಕಣ್ಣಿನ ವೈದ್ಯರಿಗೂ ಈ ಮಾತ್ರೆಯ ಹೆಸರು ಹೇಳಲೇಬೇಕು. ಇದು ಕಣ್ಣಿನ ಪಾಪೆಯ ಪರದೆಯನ್ನು ಸಡಿಲಗೊಳಿಸಿ ಶಸ್ತ್ರಚಿಕಿತ್ಸೆಯನ್ನು ತೊಡಕಾಗಿಸುತ್ತದೆ ಎಂಬುದು 2005ರಿಂದ ಗೊತ್ತಿರುವ ಸಂಗತಿ.

ಇನ್ನು ಬಾಳೆದಿಂಡು. ಹುಸಿಮಾತ್ರೆ ತಿಂದ ಐವರಲ್ಲಿ ನಾಲ್ವರಿಗೆ ಬೇರೇನೂ ಬೇಕಾಗಲಿಲ್ಲ ಎಂದೆನಲ್ಲ, ಆ ನಾಲ್ವರು ನಮ್ಮ ಊರಿನವರಾಗಿದ್ದು ದಿನವೂ ಬಾಳೆದಿಂಡಿನ ರಸವನ್ನೋ ಹುರುಳಿ ಸಾರನ್ನೋ ಕುಡಿದಿದ್ದರೆ, ಕೀರ್ತಿ ಯಾವುದಕ್ಕೆ ಸಲ್ಲುತ್ತಿತ್ತು? ನನ್ನ 4 ಮಿ.ಮೀ. ಕಲ್ಲು ಹುರುಳಿ ಸಾರು ಕುಡಿದ ಮರುದಿನವೇ ಬಿದ್ದುಹೋಯಿತು. ಇಷ್ಟು ವರ್ಷ ಟ್ರಯಲ್‌ಗಳಲ್ಲಿ ದುಡಿದ ಮಗ ಏನೇ ಹೇಳಲಿ, ಅಮ್ಮನ ಲೆಕ್ಕದಲ್ಲಿ ಅದು ಸಾರಿನದೇ ಮಹಿಮೆ. ನಾನು ವಾದಿಸುವುದನ್ನು ಬಿಟ್ಟಿದ್ದೇನೆ. ರಸ ಕುಡಿಯಲಿ, ಆದರೆ ಮಾತ್ರೆಯ ಬದಲಿಗೆ ಬೇಡ, ಮರುಪರೀಕ್ಷೆಯ ಬದಲಿಗೆ ಖಂಡಿತ ಬೇಡ. ನೋವು ನಿಂತ ಮಾತ್ರಕ್ಕೆ ಕಲ್ಲು ಹೋಯಿತೆಂದಲ್ಲ. ಅಲ್ಲಿಯೇ ಕೂತು ಸದ್ದಿಲ್ಲದೆ ಕಿಡ್ನಿಯನ್ನು ಕೆಡಿಸಬಹುದು. ನಾಲ್ಕು ವಾರವಾದೊಡನೆ ಸ್ಕ್ಯಾನ್ ಮಾಡಿಸಿ.

ನಡುವೆ ಚಳಿ ನಡುಕದೊಂದಿಗೆ ಜ್ವರ ಬಂದರೆ ಬೆಳಗಾಗುವವರೆಗೂ ಕಾಯದೆ ಅದೇ ರಾತ್ರಿ ಹೊರಡಿ. ಕಲ್ಲು ಅಡ್ಡವಿರುವ ಕಿಡ್ನಿಯಲ್ಲಿ ಸೋಂಕಾದರೆ ಕೂಡಲೇ ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿಯೋ ಬೆನ್ನಿನಿಂದ ನಳಿಕೆ ಇಳಿಸಿಯೋ ಮೂತ್ರ ಹೊರಹರಿಸಬೇಕಾಗುತ್ತದೆ. ಮೂತ್ರವೇ ಬಾರದಿದ್ದರೆ, ವಾಂತಿ ನಿಲ್ಲದಿದ್ದರೆ ಸಹ ಹಾಗೆಯೇ.

ಹಾಲು ಬಿಡಿಸುವುದು ಬೇಡ. ಕ್ಯಾಲ್ಸಿಯಂ ಕಲ್ಲು ಮತ್ತೆ ಮತ್ತೆ ಆಗುತ್ತಿದ್ದ 120 ಇಟಾಲಿಯನ್ ಗಂಡಸರನ್ನು ಐದು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಮಂದಿಯಲ್ಲಿ 23 ಮಂದಿಗೆ ಕಲ್ಲು ಮರುಕಳಿಸಿತು. ಎಂದಿನಂತೆ ಕ್ಯಾಲ್ಸಿಯಂ ಸೇವಿಸಿ ಉಪ್ಪು, ಮಾಂಸ ಕಡಿಮೆ ಮಾಡಿದ 60 ಮಂದಿಯಲ್ಲಿ 12 ಮಂದಿಗೆ ಮಾತ್ರ. ಆಕ್ಸಲೇಟ್ ಎಂಬುದು ಕೆಲವು ಸೊಪ್ಪುಗಳಲ್ಲಿರುವ, ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ ವಸ್ತು. ಊಟದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಅದನ್ನು ಹಿಡಿದು ಹೊರಹಾಕುತ್ತದೆ, ಕ್ಯಾಲ್ಸಿಯಂ ಇಲ್ಲದಿದ್ದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರದಲ್ಲಿ ಇಳಿಯುತ್ತದೆ. ಪತ್ರೊಡೆಯ ಕೆಸುವಿನೆಲೆ ಗಂಟಲು ತುರಿಸುವುದು ಇದೇ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿಂದ. ಆಟಿಯಲ್ಲಿ ಒಂದೆರಡು ದಿನ ಪತ್ರೊಡೆ ತಿಂದರೆ ಹೆದರಬೇಕಾಗಿಲ್ಲ, ನಿತ್ಯವೂ ಹರಿವೆ, ಕೆಸುಗಳೇ ಆದರೆ ಯೋಚಿಸಬೇಕು.

ಇದಕ್ಕಿಂತ ಹೆಚ್ಚು ಗಮನ ಬೇಕಾದದ್ದು ನೀರಿಗೆ. 1996ರ ಇಟಲಿಯ ಅಧ್ಯಯನವೊಂದರಲ್ಲಿ ಮೊದಲ ಸಲ ಕಲ್ಲಾದ 199 ಮಂದಿಯಲ್ಲಿ, ದಿನಕ್ಕೆ ಎರಡು ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿದವರಿಗೆ ಐದು ವರ್ಷಗಳಲ್ಲಿ ಶೇ. 12, ಉಳಿದವರಿಗೆ ಶೇ. 27ರಷ್ಟು ಮರುಕಳಿಸಿತು. ಲೆಕ್ಕ ಕುಡಿದದ್ದರದಲ್ಲ, ಹೊರಗೆ ಹೋದದ್ದರದು ಎಂಬುದನ್ನು ಗಮನಿಸಿ: ಮೀನ ತಿಂಗಳ ಸೆಕೆಯಲ್ಲಿ ತೋಟಕ್ಕೆ ನೀರು ಬಿಡುವವರಿಗೆ ಮೂರು ಲೀಟರ್ ಕುಡಿದರೂ ಅರ್ಧ ಬೆವರಿನಲ್ಲಿಯೇ ಮುಗಿದೀತು. ಬೊಂಡ (ಎಳನೀರು), ನಿಂಬೆ ನೀರು ಒಳ್ಳೆಯದೇ, ಸಕ್ಕರೆ ಬೇಡ.

ಕೊನೆಗೊಂದು ವಿಷಯ, ಹೆಚ್ಚಿನವರು ಮರೆಯುವುದು. ಇಂದಿನಿಂದಲೇ ತಂದೆಯವರು ಮೂತ್ರವನ್ನು ಹಳೆಯ ತೆಳು ಪಂಚೆಯ ತುಂಡಿನಲ್ಲಿ ಸೋಸಲಿ. ಕಲ್ಲು ಸಿಕ್ಕಿದರೆ ಒರೆಸಿ ಸಣ್ಣ ಡಬ್ಬಿಯಲ್ಲಿಟ್ಟು ಮುಂದಿನ ಭೇಟಿಗೆ ಒಯ್ಯಿರಿ. ಅದು ಯೂರಿಕ್ ಆಮ್ಲದ್ದೆಂದು ಪ್ರಯೋಗಾಲಯ ಹೇಳಿದರೆ ಮುಂದಿನ ಮದ್ದೂ ಪಥ್ಯವೂ ಬೇರೆಯೇ ಆಗುತ್ತವೆ.