ಶಾಂತಿ ಅಂದುಕೊಂಡ ಮಂಪರು

(ಧ್ಯಾನದ ಬಗ್ಗೆ ಸಲಹೆ ಕೇಳಿ ನನ್ನ ಬಳಿ ಬಂದಿದ್ದ ಮಹಿಳೆಯೊಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ಬಂದವರಿಗೆ 38 ವರ್ಷ. ಎರಡು ವರ್ಷಗಳಿಂದ ಬೆಳಗಿನ ಜಾವ ಎದ್ದು ಆನಾಪಾನ, ಅಂದರೆ ಉಸಿರನ್ನು ಗಮನಿಸುವ ಧ್ಯಾನಕ್ಕೆ ಕೂರುತ್ತಿದ್ದರು. "ಕೂತಾಗ ಹಿತವಾಗಿರುತ್ತೆ, ಯೋಚನೆಯೇ ಇರಲ್ಲ. ಎದ್ದಮೇಲೆ ಮಾತ್ರ ದಿನವಿಡೀ ತಲೆಗೆ ಮಂಜು ಕವಿದ ಹಾಗೆ. ಧ್ಯಾನ ಸಾಲದೇನೋ ಅಂತ ಇನ್ನೂ ಅರ್ಧ ಗಂಟೆ ಹೆಚ್ಚಿಸಿದೆ" ಎಂದರು.

ನನ್ನೆದುರೇ ಹತ್ತು ನಿಮಿಷ ಕೂರಲು ಹೇಳಿದೆ. ಮೂರನೇ ನಿಮಿಷಕ್ಕೆ ಭುಜ ಕುಸಿಯಿತು. ಒಂದಕ್ಕೊಂದು ತಾಗಿಸಿಟ್ಟಿದ್ದ ಹೆಬ್ಬೆರಳುಗಳು ಬೇರೆಯಾದವು. ಗಲ್ಲ ನಿಧಾನಕ್ಕೆ ಎದೆಗಿಳಿದು, ಥಟ್ಟನೆ ಮೇಲೆದ್ದಿತು. ಕಣ್ಣು ಬಿಟ್ಟಾಗ ಕೇಳಿದೆ: "ಕಡೆಯ ಮೂರು ಉಸಿರಲ್ಲಿ ಯಾವುದು ಉದ್ದ, ಯಾವುದು ಗಿಡ್ಡ?" ಅವರಿಗೆ ಗೊತ್ತಿರಲಿಲ್ಲ. ಉದ್ದದ ಉಸಿರನ್ನು ಉದ್ದವೆಂದು, ಗಿಡ್ಡದ್ದನ್ನು ಗಿಡ್ಡವೆಂದು ಅರಿಯುವುದೇ ಸತಿಪಟ್ಠಾನ ಸುತ್ತದ (ಎಚ್ಚರದ ಅರಿವನ್ನು ಕುರಿತ ಬುದ್ಧನ ಉಪದೇಶದ) ಮೊದಲ ಪಾಠ. ಆ ಅರಿವೇ ಇಲ್ಲದ ನಿಶ್ಶಬ್ದವನ್ನು ಅವರು ಶಾಂತಿ ಅಂದುಕೊಂಡಿದ್ದರು. ಬೌದ್ಧರು ಇದನ್ನು ಥೀನಮಿದ್ಧ ಎನ್ನುತ್ತಾರೆ: ಜಡತೆ ಮತ್ತು ತೂಕಡಿಕೆ. ಮನಸ್ಸನ್ನು ಮುಚ್ಚುವ ಐದು ನೀವರಣಗಳಲ್ಲಿ ಇದೂ ಒಂದು. ಇದಕ್ಕೆ ಪಾಲಿ ಸುತ್ತವೊಂದು ಕೊಡುವ ಹೋಲಿಕೆ, ಪಾಚಿ ಕಟ್ಟಿದ ನೀರು. ಅಲೆಯಿಲ್ಲ ನಿಜ, ಆದರೆ ಬಗ್ಗಿ ನೋಡಿದರೆ ಮುಖ ಕಾಣುವುದಿಲ್ಲ.

ನಿದ್ದೆಯ ಬಗ್ಗೆ ಕೇಳಿದೆ. ದಿನಕ್ಕೆ ಐದು ಗಂಟೆಯೂ ಇರಲಿಲ್ಲ. ಯಾಕೆ ಎಂದು ಕೆದಕಿದಾಗ ವಿಷಯ ಹೊರಬಂತು. ಕಾಯಿಲೆಯ ತಾಯಿಯ ಆರೈಕೆಯನ್ನೆಲ್ಲ ಅಣ್ಣ ಇವರ ಮೇಲೆ ಹಾಕಿ ದೂರ ಉಳಿದಿದ್ದ. ರಾತ್ರಿಯೆಲ್ಲ ಅದೇ ಕುದಿತ. "ಧ್ಯಾನ ಮಾಡೋಳು ಸಿಟ್ಟಾಗಬಾರದು ಅಲ್ವಾ?" ಎಂದರು. ಅದನ್ನು ಕೇಳಿ ನನಗೆ ಸಂಕಟವಾಯಿತು. ಸಿಟ್ಟನ್ನು ಅದುಮಲು ಮನಸ್ಸನ್ನೇ ಮಂಕಾಗಿಸಿಕೊಂಡಿದ್ದರು.

ಮೊದಲು ವೈದ್ಯರನ್ನು ನೋಡಲು ಹೇಳಿದೆ. ರಕ್ತಹೀನತೆ, ಥೈರಾಯ್ಡ್ ಕೊರತೆ, ಖಿನ್ನತೆ ಎಲ್ಲವೂ ಇದೇ ಮಂಕು ತರಬಲ್ಲವು. ಅವಕ್ಕೆ ಧ್ಯಾನ ಚಿಕಿತ್ಸೆಯಲ್ಲ. ವರದಿಗಳು ಸರಿಯಾಗಿಯೇ ಬಂದವು. ಆಮೇಲೆ ಜಾವದ ಅಭ್ಯಾಸ ಬಿಡಿಸಿ, ಆ ಹೊತ್ತನ್ನು ನಿದ್ದೆಗೆ ಕೊಡಿಸಿದೆ. ಅವರಿಗಿದು ಸೋಲಿನಂತೆ ಕಂಡಿತು. ಆಗ ಮೊಗ್ಗಲ್ಲಾನರ ಪ್ರಸಂಗ ಹೇಳಿದೆ. ಬುದ್ಧನ ಇಬ್ಬರು ಅಗ್ರಶಿಷ್ಯರಲ್ಲಿ ಒಬ್ಬರಾದ ಅವರೂ ಧ್ಯಾನಕ್ಕೆ ಕೂತು ತೂಕಡಿಸಿದ್ದರು. ಬುದ್ಧ ಗದರಲಿಲ್ಲ. ಕಿವಿ ಎಳೆದುಕೋ, ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರ ನೋಡು, ರಾತ್ರಿಯಲ್ಲೂ ಹಗಲಿನ ಬೆಳಕನ್ನು ಮನಸ್ಸಿಗೆ ತಂದುಕೋ, ಎದ್ದು ನಡೆದಾಡು ಎಂದ. ಯಾವುದಕ್ಕೂ ಹೋಗದಿದ್ದರೆ ಬಲಮಗ್ಗುಲಾಗಿ ಮಲಗು ಎಂದ. ಇಷ್ಟು ಕರುಣೆಯ ಸಲಹೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ದಿನಕ್ಕೆ ಹದಿನೈದೇ ನಿಮಿಷ, ಹಗಲಲ್ಲಿ, ಕಣ್ಣು ಅರೆತೆರೆದು ಕೂರಲು ಹೇಳಿದೆ. ಮಂಕು ಬಂದರೆ ಎದ್ದು ನಡೆಯುತ್ತ ಅಂಗಾಲಿನ ಸ್ಪರ್ಶ ಗಮನಿಸಬೇಕು. ಸಿಟ್ಟು ಬಂದರೆ ಓಡಿಸಬಾರದು, ಅದರೊಳಗಿನ ಕಥೆಗೂ ಇಳಿಯಬಾರದು. 'ಸಿಟ್ಟು ಇದೆ' ಎಂದು ಅರಿತು, ಮೈಯಲ್ಲಿ ಎಲ್ಲಿ ಬಿಸಿಯಾಗಿದೆ ನೋಡಿ ಉಸಿರಿಗೆ ಮರಳಬೇಕು. ತಡೆಯಲಾಗದಷ್ಟು ಉಕ್ಕಿದರೆ ಅಲ್ಲಿಗೇ ನಿಲ್ಲಿಸಿ ನನ್ನ ಬಳಿ ಬರಬೇಕು. ಚಿತ್ತ ಸ್ವತಃ ಪ್ರಭಾಸ್ವರ (ಬೆಳಗುವಂಥದ್ದು), ಮಲಿನತೆ ಹೊರಗಿಂದ ಬಂದು ಸೇರಿದ್ದು ಎಂಬ, ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದ ಮಾತನ್ನೂ ತಿಳಿಸಿದೆ. ಬೆಳಕನ್ನು ಹೊರಗಿಂದ ತಂದು ತುಂಬಬೇಕಿಲ್ಲ ಎಂದಾಗ ಅವರ ಕಣ್ಣು ತುಂಬಿತು.

ಅಣ್ಣನ ಜೊತೆ ಮಾತಾಡುವುದು ಬೇರೆಯೇ ಕೆಲಸ. ಅದಕ್ಕೆ ಮೂರು ಭೇಟಿ ಹಿಡಿಯಿತು. ತಿಂಗಳಲ್ಲಿ ಹತ್ತು ದಿನದ ಆರೈಕೆಗೆ ಅವನು ಒಪ್ಪಿದ.

ಎರಡು ತಿಂಗಳ ನಂತರ ಮತ್ತೆ ನನ್ನೆದುರು ಕೂತರು. ಗಲ್ಲ ಕುಸಿಯಲಿಲ್ಲ. ಅದೇ ಪ್ರಶ್ನೆ ಕೇಳಿದೆ.

"ಮೊದಲನೇದು ಉದ್ದ, ಎರಡನೇದು ಗಿಡ್ಡ. ಮೂರನೇದರ ನಡುವೆ ಅಣ್ಣ ಬಂದ."

"ಬಂದದ್ದು ಗೊತ್ತಾಯಿತಾ?"

"ಬಂದ ಕೂಡಲೇ."